ಒಂದೇ ಬೆಲೆಯ ಎರಡು ಕಾರ್ಡ್: ಆರ್‌ಟಿಎಕ್ಸ್ 2080 ತನ್ನ ಆಟಗಳಿಗಾಗಿ ಕಾದದ್ದು

2018ರ ಸೆಪ್ಟೆಂಬರ್ 20ರಂದು ಎನ್ವಿಡಿಯಾದ ಆರ್‌ಟಿಎಕ್ಸ್ 2080 ಮಾರಾಟಕ್ಕೆ ಬಂತು. ಅವತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕು ಅಂತ ಹೊರಟವರ ಮುಂದೆ ಎರಡು ದಾರಿ ಇದ್ದವು. ಒಂದು, ಅದೇ ಕಂಪನಿ 2017ರ ಮಾರ್ಚ್‌ನಲ್ಲಿ 699 ಡಾಲರ್‌ಗೆ ತಂದಿದ್ದ ಜಿಟಿಎಕ್ಸ್ 1080 ಟಿಐ. ಇನ್ನೊಂದು, 699 ಡಾಲರ್‌ನಿಂದ ಶುರುವಾಗುವ ಈ ಹೊಸ 2080. ಕಂಪನಿಯೇ ತಯಾರಿಸಿದ ಫೌಂಡರ್ಸ್ ಎಡಿಶನ್ ಬೇಕಿದ್ದರೆ 799. ಆಗ ಇದ್ದ ಆಟಗಳಲ್ಲಿ ಎರಡನ್ನೂ ಓಡಿಸಿ ನೋಡಿದರೆ ಫ್ರೇಮ್ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವುದರಲ್ಲಿ, ಹೆಚ್ಚುಕಡಿಮೆ ಸಮ. ಕೆಲವು ಆಟಗಳಲ್ಲಿ ಹೊಸದು ಸ್ವಲ್ಪ ಮುಂದೆ, ಅಷ್ಟೇ. ಮೆಮೊರಿಯಲ್ಲಂತೂ ಹಳೆಯದೇ ಮೇಲು. ಅದರಲ್ಲಿ 11 ಜಿಬಿ, ಹೊಸದರಲ್ಲಿ 8.

ಹಾಗಾದರೆ ಹೊಸದರಲ್ಲಿ ಏನಿತ್ತು? ಬೆಳಕಿನ ಕಿರಣಗಳ ಲೆಕ್ಕಕ್ಕೆಂದೇ ಮಾಡಿದ 46 ಆರ್‌ಟಿ ಕೋರ್‌ಗಳು. ನ್ಯೂರಲ್ ನೆಟ್‌ವರ್ಕ್ ಓಡಿಸಲು 368 ಟೆನ್ಸರ್ ಕೋರ್‌ಗಳು. ತ್ರಿಕೋನಗಳನ್ನು ಹೊಸ ರೀತಿಯಲ್ಲಿ ಸಂಭಾಳಿಸುವ ಮೆಶ್ ಶೇಡರ್ ಅನ್ನುವ ಸೌಲಭ್ಯ. ಇವುಗಳಲ್ಲಿ ಯಾವುದನ್ನಾದರೂ ಬಳಸುವ, ಆ ದಿನ ಕೊಂಡು ಆಡಬಹುದಾದ ದೊಡ್ಡ ಆಟ ಎಷ್ಟಿತ್ತು ಅಂದರೆ, ಒಂದೂ ಇರಲಿಲ್ಲ.

ಹಾರ್ಡ್‌ವೇರ್ ಮುಂದೆ ಓಡುತ್ತದೆ, ಆಟಗಳು ಹಿಂದೆ ಉಳಿಯುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಆ ಅಂತರವನ್ನು ಬೇರೆ ಯಾವುದರ ಜೊತೆಗೂ ಬೆರೆಸದೆ ನೋಡಲು ಸಿಗುವುದು ಅಪರೂಪ. ಸಾಮಾನ್ಯವಾಗಿ ಹೊಸ ಕಾರ್ಡ್ ಹಳೆಯ ಆಟಗಳನ್ನೂ ಜೋರಾಗಿ ಓಡಿಸುತ್ತದೆ, ಹಾಗಾಗಿ ಯಾವುದು ಬರೀ ವೇಗ, ಯಾವುದು ಹೊಸ ಶಕ್ತಿ ಅಂತ ಬೇರ್ಪಡಿಸಲು ಆಗುವುದಿಲ್ಲ. ಇಲ್ಲಿ ಬೆಲೆ ಒಂದೇ, ವೇಗ ಒಂದೇ. ವ್ಯತ್ಯಾಸ ಇದ್ದದ್ದು ಯಾರೂ ಇನ್ನೂ ಮುಟ್ಟದ ಭಾಗದಲ್ಲಿ ಮಾತ್ರ. ಆ ಭಾಗಕ್ಕೆ ಕೆಲಸ ಸಿಗಲು ಎಷ್ಟು ಕಾಲ ಹಿಡಿಯಿತು, ಯಾಕೆ ಹಿಡಿಯಿತು ಅನ್ನುವುದೇ ಈ ಪ್ರಕರಣ.

ಆಗ ಕೇಳಿಬಂದ ಮಾತುಗಳು ಎರಡು ಬಗೆಯವು. ಕಂಪನಿ ಬರೀ ಆಸೆ ತೋರಿಸಿ ದುಡ್ಡು ಕಿತ್ತುಕೊಂಡಿತು ಅಂತ ಕೆಲವರು. ಆಟ ಮಾಡುವವರು ಸೋಮಾರಿಗಳು, ಇಷ್ಟು ಶಕ್ತಿ ಕೈಗೆ ಕೊಟ್ಟರೂ ಬಳಸುವುದಿಲ್ಲ ಅಂತ ಇನ್ನು ಕೆಲವರು. ಎರಡೂ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಎರಡನೆಯದು ತಪ್ಪು ಮಾತ್ರ ಅಲ್ಲ, ಅನ್ಯಾಯವೂ ಹೌದು.

ಕಿರಣಗಳ ಲೆಕ್ಕ

ಮೊದಲು ಆರ್‌ಟಿ ಕೋರ್ ಏನು ಮಾಡುತ್ತದೆ ಅಂತ ನೋಡೋಣ. ಆಟಗಳು ಮೊದಲಿನಿಂದ ಚಿತ್ರ ಬಿಡಿಸಿಕೊಂಡು ಬಂದ ಪದ್ಧತಿ ರಾಸ್ಟರೈಸೇಶನ್. ಎದುರಿಗಿರುವ ಪ್ರತಿ ವಸ್ತುವೂ ತ್ರಿಕೋನಗಳ ಗುಂಪು. ಆ ತ್ರಿಕೋನಗಳನ್ನು ಪರದೆಯ ಮೇಲೆ ಚಪ್ಪಟೆಯಾಗಿ ಹರಡಿ, ಯಾವ ಪಿಕ್ಸೆಲ್ ಯಾವುದರ ಪಾಲು ಅಂತ ನೋಡಿ ಬಣ್ಣ ತುಂಬುವುದು. ಇದು ತುಂಬಾ ವೇಗದ ಕೆಲಸ, ಆದರೆ ಬೆಳಕು ಹೇಗೆ ಓಡಾಡುತ್ತದೆ ಅನ್ನುವುದು ಈ ಪದ್ಧತಿಗೆ ಗೊತ್ತೇ ಇಲ್ಲ. ನೆರಳು ಬೇಕಾದರೆ ದೀಪ ಇರುವ ಜಾಗದಿಂದ ಇನ್ನೊಮ್ಮೆ ದೃಶ್ಯ ಬಿಡಿಸಿ ಶ್ಯಾಡೋ ಮ್ಯಾಪ್ ಮಾಡಿಕೊಳ್ಳಬೇಕು. ನೀರಿನಲ್ಲಿ ಬಿಂಬ ಬೇಕಾದರೆ ಪರದೆಯ ಮೇಲೆ ಆಗಲೇ ಇರುವುದನ್ನೇ ತಲೆಕೆಳಗು ಮಾಡಿ ಹಾಕಬೇಕು. ಅದಕ್ಕೇ ಎಷ್ಟೋ ಆಟಗಳಲ್ಲಿ ನೋಟವನ್ನು ಸ್ವಲ್ಪ ಕೆಳಗೆ ಬಾಗಿಸಿದರೆ ಸಾಕು, ಕೆರೆಯಲ್ಲಿ ಕಾಣುತ್ತಿದ್ದ ಬೆಟ್ಟದ ಬಿಂಬ ಮಾಯವಾಗುತ್ತದೆ. ಕಿಟಕಿಯಿಂದ ಬಂದ ಬಿಸಿಲು ನೆಲಕ್ಕೆ ಬಡಿದು ಕೋಣೆಯೆಲ್ಲ ಹರಡಬೇಕು ಅಂದರೆ ಅದನ್ನು ಆಟ ತಯಾರಾಗುವಾಗಲೇ ಗಂಟೆಗಟ್ಟಲೆ ಲೆಕ್ಕ ಹಾಕಿ ಗೋಡೆಗಳ ಮೇಲೆ ಅಂಟಿಸಿಡಬೇಕು. ಇದಕ್ಕೆ ಬೇಕಿಂಗ್ ಅಂತಾರೆ. ಆಮೇಲೆ ಆಟಗಾರ ಆ ಗೋಡೆ ಒಡೆದರೆ ಅಂಟಿಸಿದ ಬೆಳಕು ಸುಳ್ಳಾಗುತ್ತದೆ, ಆದ್ದರಿಂದ ಗೋಡೆ ಒಡೆಯಲು ಬಿಡುವುದೇ ಇಲ್ಲ.

ರೇ ಟ್ರೇಸಿಂಗ್ ಇದಕ್ಕೆ ತೀರಾ ಬೇರೆ. ಕಣ್ಣಿನಿಂದ ಪಿಕ್ಸೆಲ್ ಮೂಲಕ ಒಂದು ಕಿರಣ ಬಿಟ್ಟು, ಅದು ಎಲ್ಲಿ ಬಡಿಯಿತು, ಅಲ್ಲಿಂದ ಎಲ್ಲಿಗೆ ಚಿಮ್ಮಿತು, ದೀಪ ಕಾಣುತ್ತದೋ ಇಲ್ಲವೋ ಅಂತ ಹಿಂಬಾಲಿಸುವುದು. ವಿಚಾರ ಹೊಸದಲ್ಲ. ಬಿಂಬ, ನೆರಳು, ವಕ್ರೀಭವನ ಎಲ್ಲವನ್ನೂ ಒಂದೇ ವಿಧಾನದಲ್ಲಿ ತರಬಹುದು ಅಂತ ಟರ್ನರ್ ವಿಟೆಡ್ 1980ರಲ್ಲೇ ತೋರಿಸಿದ್ದರು. ಕಷ್ಟ ಇದ್ದದ್ದು ವೇಗದಲ್ಲಿ. ಲಕ್ಷಾಂತರ ತ್ರಿಕೋನಗಳಲ್ಲಿ ಒಂದು ಕಿರಣ ಯಾವುದಕ್ಕೆ ಬಡಿಯಿತು ಅಂತ ಹುಡುಕಬೇಕು. ಅದಕ್ಕಾಗಿ ಇಡೀ ದೃಶ್ಯವನ್ನು ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು ಪೆಟ್ಟಿಗೆ ಅಂತ ಜೋಡಿಸಿಟ್ಟುಕೊಳ್ಳುತ್ತಾರೆ. ಇದರ ಹೆಸರು ಬಿವಿಎಚ್. ಕಿರಣ ಹೊರಗಿನ ಪೆಟ್ಟಿಗೆಗೇ ತಾಗದಿದ್ದರೆ ಒಳಗಿರುವ ಸಾವಿರಾರು ತ್ರಿಕೋನಗಳನ್ನು ನೋಡುವ ಗೋಜೇ ಇಲ್ಲ. ಈ ಪೆಟ್ಟಿಗೆ ಹುಡುಕಾಟ ಮತ್ತು ಕೊನೆಗೆ ಕಿರಣ ತ್ರಿಕೋನಕ್ಕೆ ತಾಗಿತೋ ಅನ್ನುವ ಪರೀಕ್ಷೆ, ಇವೆರಡನ್ನೇ ಆರ್‌ಟಿ ಕೋರ್ ಮಾಡುವುದು. ಬೇರೆ ಯಾವ ಕೆಲಸಕ್ಕೂ ಅದು ಬರುವುದಿಲ್ಲ. ಅಂದರೆ ಆಟ ಕಿರಣ ಬಿಡದಿದ್ದರೆ ಚಿಪ್ಪಿನ ಆ ಜಾಗ ಸುಮ್ನೆ ಕೂತಿರುತ್ತದೆ.

ಆ ಜಾಗಕ್ಕೂ ದುಡ್ಡು ಕೊಡಬೇಕಲ್ವಾ? 1080 ಟಿಐ ಚಿಪ್ 471 ಚದರ ಮಿಲಿಮೀಟರ್. 2018ರ ಸಾಲಿನ ತಲೆಯಾಳು 2080 ಟಿಐ ಚಿಪ್ 754 ಚದರ ಮಿಲಿಮೀಟರ್, ಅದರಲ್ಲಿ 1,860 ಕೋಟಿ ಟ್ರಾನ್ಸಿಸ್ಟರ್. ಅದರ ಬೆಲೆ 999 ಡಾಲರ್‌ನಿಂದ ಶುರು, ಫೌಂಡರ್ಸ್ ಎಡಿಶನ್‌ಗೆ 1,199. ಜನರಿಗೆ ಸಿಟ್ಟು ಬಂದದ್ದು ಸಹಜ.

ಆಗಸ್ಟ್ 20ರಂದು ಜರ್ಮನಿಯ ಕಲೋನ್‌ನಲ್ಲಿ, ಗೇಮ್ಸ್‌ಕಾಮ್ ಮೇಳ ಶುರುವಾಗುವ ಮುನ್ನ, ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಈ ಕಾರ್ಡ್‌ಗಳನ್ನು ಪರಿಚಯಿಸಿದಾಗ ಮತ್ತೆ ಮತ್ತೆ ಹೇಳಿದ ಅಂಕಿ ಸೆಕೆಂಡಿಗೆ 10 ಗಿಗಾ ರೇ, ಅಂದರೆ 1,000 ಕೋಟಿ ಕಿರಣ. ಇದು 2080 ಟಿಐ ಲೆಕ್ಕ. ಕೇಳಲು ಭಾರೀ ಅನ್ನಿಸುತ್ತದೆ. ಭಾಗಿಸಿ ನೋಡಿ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮ್‌ಗೆ ಸುಮಾರು 16.6 ಕೋಟಿ ಕಿರಣ ಸಿಗುತ್ತದೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, ಹಾಗಾಗಿ ಒಂದು ಪಿಕ್ಸೆಲ್‌ಗೆ 80 ಕಿರಣ. 4ಕೆ ಪರದೆಯಾದರೆ 20. ಅದೂ ಕಾರ್ಡ್ ಬೇರೆ ಯಾವ ಕೆಲಸವನ್ನೂ ಮಾಡದೆ ಬರೀ ಕಿರಣ ಬಿಡುತ್ತಾ ಕೂತರೆ. ನಿಜವಾದ ಆಟದಲ್ಲಿ ಕಿರಣ ಬಡಿದ ಜಾಗದ ಬಣ್ಣ ಲೆಕ್ಕ ಹಾಕಬೇಕು, ಓಡಾಡುವ ಪಾತ್ರಗಳಿಗಾಗಿ ಪೆಟ್ಟಿಗೆಗಳನ್ನು ಪ್ರತಿ ಫ್ರೇಮ್‌ಗೂ ಸರಿಮಾಡಬೇಕು, ಒರಟು ಮೇಲ್ಮೈಗೆ ಬಡಿದ ಕಿರಣಗಳು ಒಂದೊಂದು ದಿಕ್ಕಿಗೆ ಚದುರಿದಾಗ ಮೆಮೊರಿಯ ಮೂಲೆಮೂಲೆಯಿಂದ ಮಾಹಿತಿ ತರಬೇಕು. ಇಷ್ಟೆಲ್ಲ ಆದ ಮೇಲೆ ಕೈಗೆ ಉಳಿಯುವುದು ಪಿಕ್ಸೆಲ್‌ಗೆ ಒಂದೋ ಎರಡೋ ಕಿರಣ, ಕೆಲವು ಸಲ ಒಂದಕ್ಕಿಂತ ಕಡಿಮೆ. ಸಿನಿಮಾ ಗ್ರಾಫಿಕ್ಸ್‌ನಲ್ಲಿ ಇದೇ ಕೆಲಸಕ್ಕೆ ಪಿಕ್ಸೆಲ್‌ಗೆ ನೂರಾರು ಕಿರಣ ಬಿಡುತ್ತಾರೆ. ಒಂದು ಕಿರಣದಿಂದ ಬಂದ ಚಿತ್ರ ಮರಳು ಎರಚಿದ ಹಾಗೆ ಇರುತ್ತದೆ, ಅದನ್ನು ನಯ ಮಾಡಲು ಡಿನಾಯ್ಸರ್ ಬೇಕು. ಒಳ್ಳೆಯ ಡಿನಾಯ್ಸರ್ ಬರೆಯುವುದು ಒಂದು ದೊಡ್ಡ ವಿದ್ಯೆ. ಅದು ಕಾರ್ಡ್ ಜೊತೆ ಡಬ್ಬಿಯಲ್ಲಿ ಬರುವುದಿಲ್ಲ. ಆಟ ಮಾಡುವವರು ಅದನ್ನು ಕಲಿಯಬೇಕು.

ಕಲಿಯಲು ಸಿಕ್ಕ ಸಮಯ

ಮೈಕ್ರೋಸಾಫ್ಟ್ ತನ್ನ ಡೈರೆಕ್ಟ್‌ಎಕ್ಸ್ ರೇ ಟ್ರೇಸಿಂಗ್ ಅನ್ನು, ಅಂದರೆ ವಿಂಡೋಸ್ ಆಟಗಳು ಕಾರ್ಡ್‌ಗೆ ಕಿರಣ ಬಿಡಲು ಹೇಳುವ ವ್ಯವಸ್ಥೆಯಾದ ಡಿಎಕ್ಸ್ಆರ್ ಅನ್ನು, ಪ್ರಕಟಿಸಿದ್ದು 2018ರ ಮಾರ್ಚ್‌ನಲ್ಲಿ. ಕಾರ್ಡ್ ಅಂಗಡಿಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ನಡುವೆ ಆರು ತಿಂಗಳು. ಒಂದು ದೊಡ್ಡ ಆಟಕ್ಕೆ ಮೂರರಿಂದ ಐದು ವರ್ಷ ಬೇಕಾಗುತ್ತದೆ. 2018ರ ಕೊನೆಗೆ ಬಂದ ಆಟಗಳ ಎಂಜಿನ್ (ಆಟ ಓಡಿಸುವ ಮೂಲ ತಂತ್ರಾಂಶ), ಕಲೆ, ಬೆಳಕಿನ ಏರ್ಪಾಡು ಎಲ್ಲವೂ ತೀರ್ಮಾನವಾಗಿದ್ದು 2014-15ರ ಹೊತ್ತಿಗೆ. ಆಗ ಇದರ ಸುಳಿವೂ ಇರಲಿಲ್ಲ.

ಬ್ಯಾಟಲ್‌ಫೀಲ್ಡ್ 5 ಮಾಡಿದ ಡೈಸ್ ಸ್ಟುಡಿಯೋದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ಬಹುಪಾಲು ಕೆಲಸ ಮಾಡಿದ್ದು ಹಿಂದಿನ ವೋಲ್ಟಾ ಪೀಳಿಗೆಯ ಕಾರ್ಡ್‌ಗಳಲ್ಲಿ. ಅವುಗಳಲ್ಲಿ ಆರ್‌ಟಿ ಕೋರ್ ಇರಲಿಲ್ಲ. ನಿಜವಾದ ಆರ್‌ಟಿಎಕ್ಸ್ ಕಾರ್ಡ್ ಕೈಗೆ ಸಿಕ್ಕಿದ್ದು ಗೇಮ್ಸ್‌ಕಾಮ್ ಪ್ರದರ್ಶನಕ್ಕೆ ಎರಡು ವಾರ ಇರುವಾಗ ಅಂತ ಅವರ ಎಂಜಿನಿಯರ್‌ಗಳೇ ಹೇಳಿಕೊಂಡಿದ್ದಾರೆ. ಎರಡು ವಾರದಲ್ಲಿ ಒಂದು ಹೊಸ ಯಂತ್ರದ ಗುಣ ತಿಳಿದುಕೊಂಡು ಜಗತ್ತಿನ ಎದುರು ತೋರಿಸಬೇಕು. ಇವರನ್ನು ಸೋಮಾರಿಗಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಅಡ್ಡಿ ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. ಡಿಎಕ್ಸ್ಆರ್ ಓಡಲು ವಿಂಡೋಸ್ 10ರ ಅಕ್ಟೋಬರ್ 2018 ಅಪ್‌ಡೇಟ್ ಬೇಕು. ಅದು ಅಕ್ಟೋಬರ್ 2ಕ್ಕೆ ಬಂತು, ಕೆಲವರ ಕಂಪ್ಯೂಟರ್‌ನಲ್ಲಿ ಸ್ವಂತ ಫೈಲ್‌ಗಳನ್ನೇ ಅಳಿಸಿಹಾಕಿತು, ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ವಾಪಸ್ ತೆಗೆದುಕೊಂಡಿತು. ಮತ್ತೆ ಬಿಟ್ಟದ್ದು ನವೆಂಬರ್ 13ಕ್ಕೆ. ಅಲ್ಲಿಯವರೆಗೆ ಕಾರ್ಡ್ ಇದ್ದರೂ, ಡ್ರೈವರ್ ಇದ್ದರೂ, ಆಟವೇ ತಯಾರಾಗಿದ್ದರೂ ಮಾಮೂಲಿ ಬಳಕೆದಾರರು ಏನೂ ಮಾಡುವಂತಿರಲಿಲ್ಲ. ಕಾರ್ಡ್, ಡ್ರೈವರ್, ಆಪರೇಟಿಂಗ್ ಸಿಸ್ಟಮ್, ಎಂಜಿನ್, ಆಟ, ಈ ಐದೂ ಕೂಡಿ ಬಂದಾಗಲೇ ಒಂದು ಕಿರಣ ಹೊರಡುವುದು. ಒಂದು ತಪ್ಪಿದರೂ ಉಳಿದ ನಾಲ್ಕು ವ್ಯರ್ಥ.

ವಿಂಡೋಸ್ ಸರಿಯಾದ ಬೆನ್ನಲ್ಲೇ, ನವೆಂಬರ್ ಮಧ್ಯದಲ್ಲಿ, ಬ್ಯಾಟಲ್‌ಫೀಲ್ಡ್ 5ರಲ್ಲಿ ರೇ ಟ್ರೇಸಿಂಗ್ ಬಂತು. ಬಿಂಬಗಳಿಗೆ ಮಾತ್ರ. ಕೊಚ್ಚೆ ನೀರಿನಲ್ಲಿ, ಕಾರಿನ ಗಾಜಿನಲ್ಲಿ, ಪರದೆಯ ಹೊರಗೆ ನಡೆಯುವ ಸ್ಫೋಟದ ಬೆಂಕಿಯೂ ಕಾಣುತ್ತಿತ್ತು. ನೋಡಲು ನಿಜವಾಗಿಯೂ ಚೆಂದ. ಆದರೆ ಅಲ್ಟ್ರಾ ಮಟ್ಟಕ್ಕಿಟ್ಟರೆ ಎಲ್ಲಕ್ಕಿಂತ ದುಬಾರಿಯಾದ 2080 ಟಿಐ ಕೂಡ ಭಾರವಾದ ದೃಶ್ಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವೇಗ ಕಳೆದುಕೊಳ್ಳುತ್ತಿತ್ತು. ಡಿಸೆಂಬರ್ 4ರ ಪ್ಯಾಚ್ ಬಂದ ಮೇಲೆ ಶೇಕಡಾ 50ರವರೆಗೆ ಸುಧಾರಣೆ ಆಯಿತು ಅಂತ ಎನ್ವಿಡಿಯಾ ಮತ್ತು ಡೈಸ್ ಹೇಳಿದವು. ಕಾರ್ಡ್ ಅದೇ, ಬದಲಾದದ್ದು ಕೋಡ್ ಮಾತ್ರ. ನುಣುಪಾದ ಮೇಲ್ಮೈಗೆ ಜಾಸ್ತಿ ಕಿರಣ, ಒರಟಾದದ್ದಕ್ಕೆ ಕಡಿಮೆ ಅಂತ ಹಂಚುವುದನ್ನು ಕಲಿತರು. ಕಟ್ಟಡ ಒಡೆದಾಗ ಅದರ ಸುತ್ತಲಿನ ಪೆಟ್ಟಿಗೆಯ ಅಳತೆ ತಪ್ಪಾಗುತ್ತಿದ್ದ ದೋಷವನ್ನು ಸರಿಪಡಿಸಿದರು. ಮೂರೇ ವಾರದಲ್ಲಿ ಇಷ್ಟು ಸಿಕ್ಕಿತು ಅಂದರೆ, ಮೊದಲ ದಿನದ ನಿಧಾನ ಯಂತ್ರದ ದೋಷ ಆಗಿರಲಿಲ್ಲ, ಅನುಭವ ಸಾಲದೆ ಆದದ್ದು.

ಹಾಗಿದ್ದರೂ ಒಂದು ಮಾತು ಹೇಳಲೇಬೇಕು. ಇದು ಹತ್ತಾರು ಜನ ಒಟ್ಟಿಗೆ ಆಡುವ ಯುದ್ಧದ ಆಟ. ಇಲ್ಲಿ ಜನ ಫ್ರೇಮ್‌ಗಾಗಿ ನೆರಳನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ. ಅಂಥವರ ಮುಂದೆ ಕೊಚ್ಚೆಯ ಬಿಂಬ ಇಟ್ಟರೆ ಅವರು ಆ ಸೆಟ್ಟಿಂಗ್ ಆಫ್ ಮಾಡುತ್ತಾರೆ. ಮೊದಲ ಆಟವಾಗಿ ಇದು ಸಿಕ್ಕಿದ್ದು ತಂತ್ರಜ್ಞಾನದ ದುರದೃಷ್ಟ.

ಆಗಸ್ಟ್‌ನಲ್ಲಿ ರೇ ಟ್ರೇಸಿಂಗ್ ಬರುತ್ತದೆ ಅಂತ ಹೆಸರಿಸಿದ್ದ ಆಟಗಳು 11. ಅದರಲ್ಲಿ ಶ್ಯಾಡೋ ಆಫ್ ದ ಟೂಂಬ್ ರೈಡರ್ ಸೆಪ್ಟೆಂಬರ್ 14ಕ್ಕೇ ಬಂದಿತ್ತು, ರೇ ಟ್ರೇಸಿಂಗ್ ನೆರಳು ಅದಕ್ಕೆ ಸೇರಿದ್ದು 2019ರ ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಬಹಳ ಜನ ಆಟ ಮುಗಿಸಿ ಬದಿಗಿಟ್ಟಾಗಿತ್ತು. ಅಸೆಟ್ಟೊ ಕೋರ್ಸಾ ಕಂಪೆಟಿಟ್ಸಿಯೋನೆಗೆ ಅದು ಬರಲೇ ಇಲ್ಲ. ಅಟಾಮಿಕ್ ಹಾರ್ಟ್ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ ಅದರಲ್ಲಿ ರೇ ಟ್ರೇಸಿಂಗ್ ಇರಲಿಲ್ಲ. ನಾಲ್ಕೂವರೆ ವರ್ಷ ಆ ಆಟದ ಡೆಮೊಗಳನ್ನು ತೋರಿಸಿ ಕಾರ್ಡ್ ಮಾರಿದ ಮೇಲೆ ಹೀಗಾದದ್ದು ಒಳ್ಳೆಯದಲ್ಲ. ಕಂಪನಿಯ ತಪ್ಪು ಅಂತ ನಾನು ಒಪ್ಪುವುದು ಇಲ್ಲಿ. ಕಾರ್ಡ್ ಮಾಡಿದ್ದರಲ್ಲಿ ತಪ್ಪಿಲ್ಲ. ಆಟಗಳು ಇನ್ನೇನು ಬಂದೇಬಿಟ್ಟವು ಅನ್ನುವ ಹಾಗೆ ಮಾತಾಡಿದ್ದರಲ್ಲಿ ಇದೆ.

ಅದರ ಬೆಲೆಯನ್ನು ಅವರೂ ತೆತ್ತರು. 2019ರ ಜನವರಿ 28ರಂದು ಎನ್ವಿಡಿಯಾ ತನ್ನ ಆ ತ್ರೈಮಾಸಿಕದ ಆದಾಯದ ಅಂದಾಜನ್ನು 270 ಕೋಟಿ ಡಾಲರ್‌ನಿಂದ 220 ಕೋಟಿಗೆ ಇಳಿಸಿತು. ಕ್ರಿಪ್ಟೋ ಗಣಿಗಾರಿಕೆ ಕುಸಿದು ಉಳಿದುಹೋದ ಹಳೆಯ ದಾಸ್ತಾನು, ಚೀನಾದಲ್ಲಿ ಕುಗ್ಗಿದ ಬೇಡಿಕೆ ಮುಂತಾದ ದೊಡ್ಡ ಕಾರಣಗಳು ಬೇರೆ ಇದ್ದವು. ಆದರೆ ಅದೇ ಹೇಳಿಕೆಯಲ್ಲಿ, ಕೆಲವು ಗಿರಾಕಿಗಳು ಬೆಲೆ ಇಳಿಯಲಿ ಅಂತಲೋ ನಿಜವಾದ ಆಟಗಳಲ್ಲಿ ಆರ್‌ಟಿಎಕ್ಸ್ ಏನು ಮಾಡುತ್ತದೆ ನೋಡೋಣ ಅಂತಲೋ ಖರೀದಿ ಮುಂದೂಡಿರಬಹುದು ಅನ್ನುವ ಮಾತೂ ಇತ್ತು. ಅಂತರ ಇದೆ ಅಂತ ತಯಾರಕರೇ ಬರೆದುಕೊಟ್ಟ ಹಾಗಾಯಿತು. ಮರು ತಿಂಗಳು ಬಂದ ಜಿಟಿಎಕ್ಸ್ 1660 ಟಿಐ 2080 ಸೇರಿದ ಅದೇ ಟ್ಯೂರಿಂಗ್ ಪೀಳಿಗೆಯದು, ಆದರೆ ಆರ್‌ಟಿ ಕೋರ್ ಇಲ್ಲ, ಟೆನ್ಸರ್ ಕೋರ್ ಇಲ್ಲ, ಬೆಲೆ 279 ಡಾಲರ್. ಕಡಿಮೆ ಬೆಲೆಗೆ ಕೊಳ್ಳುವ ದೊಡ್ಡ ಗುಂಪಿಗೆ ರೇ ಟ್ರೇಸಿಂಗ್ ಸಿಗಲಿಲ್ಲ.

ಟೆನ್ಸರ್ ಕೋರ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿದ ಚಿತ್ರವನ್ನು ನ್ಯೂರಲ್ ನೆಟ್‌ವರ್ಕ್‌ನಿಂದ ದೊಡ್ಡದು ಮಾಡುವ ಡಿಎಲ್ಎಸ್ಎಸ್ ಅದನ್ನು ಬಳಸುತ್ತದೆ. ಅದು ಮೊದಲು ಬಂದಾಗ ಪ್ರತಿ ಆಟಕ್ಕೂ ನೆಟ್‌ವರ್ಕ್‌ಗೆ ಬೇರೆ ಬೇರೆಯಾಗಿ ತರಬೇತಿ ಕೊಡಬೇಕಿತ್ತು, ಚಿತ್ರವೂ ಮಸುಕು. ಎಲ್ಲ ಆಟಗಳಿಗೂ ಒಂದೇ ನೆಟ್‌ವರ್ಕ್ ಸಾಕಾಗುವ, ನಿಜಕ್ಕೂ ಉಪಯೋಗಕ್ಕೆ ಬರುವ 2.0 ಆವೃತ್ತಿ ಬಂದದ್ದು 2020ರ ಮಾರ್ಚ್‌ನಲ್ಲಿ. ಇಲ್ಲಿ ಹಾರ್ಡ್‌ವೇರ್ ಮಾಡಿದವರೂ ಸಾಫ್ಟ್‌ವೇರ್ ಬರೆದವರೂ ಒಂದೇ ಕಂಪನಿ. ಆದರೂ 18 ತಿಂಗಳು ಹಿಡಿಯಿತು.

ಒಂದೇ ಆಟ, ಎರಡು ಸಲ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮೆಟ್ರೋ ಎಕ್ಸೋಡಸ್. 4ಎ ಗೇಮ್ಸ್ ಇದನ್ನು ಎರಡು ಸಲ ಮಾಡಿತು, ಹಾಗಾಗಿ ಹೋಲಿಸಲು ಸಾಧ್ಯ.

2019ರ ಫೆಬ್ರವರಿ 15ರ ಮೊದಲ ಆವೃತ್ತಿಯಲ್ಲಿ ರೇ ಟ್ರೇಸಿಂಗ್ ಒಂದು ಆಯ್ಕೆಯಾಗಿ ಇತ್ತು. ಸೂರ್ಯ ಮತ್ತು ಆಕಾಶದ ಬೆಳಕು ಒಮ್ಮೆ ಚಿಮ್ಮಿ ಹರಡುವುದನ್ನು ಅದು ಲೆಕ್ಕ ಹಾಕುತ್ತಿತ್ತು. ಬಿಂಬಕ್ಕಿಂತ ಇದು ಎಷ್ಟೋ ಆಳದ ಕೆಲಸ. ಹಾಳುಬಿದ್ದ ಮನೆಯೊಳಗೆ ಕಿಟಕಿಯಿಂದ ಬರುವ ಬೆಳಕಿನಲ್ಲಿ ಅದು ಎದ್ದು ಕಾಣುತ್ತಿತ್ತು. ಆದರೆ ಅದೇ ಆಟ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ಗಳಲ್ಲೂ ಓಡಬೇಕಿತ್ತು. ಅವು 2013ರ ನವೆಂಬರ್‌ನ ಯಂತ್ರಗಳು, ರೇ ಟ್ರೇಸಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವು. ಪಿಸಿಯಲ್ಲೂ ಅಷ್ಟೇ. ಪಿಸಿ ಆಟಗಳ ಅಂಗಡಿಯಾದ ಸ್ಟೀಮ್ ತನ್ನ ಬಳಕೆದಾರರ ಯಂತ್ರಗಳ ಬಗ್ಗೆ ಮಾಡುವ ಸಮೀಕ್ಷೆಯಲ್ಲಿ 2016ರ ಜಿಟಿಎಕ್ಸ್ 1060 ಎಷ್ಟು ಗಟ್ಟಿಯಾಗಿ ಮೊದಲ ಸ್ಥಾನದಲ್ಲಿ ಕೂತಿತ್ತು ಅಂದರೆ 2022ರ ಕೊನೆಯವರೆಗೂ ಅಲುಗಲಿಲ್ಲ. ಇವರೆಲ್ಲರಿಗೂ ಆಟ ಚೆನ್ನಾಗಿ ಕಾಣಬೇಕಲ್ವಾ? ಹಾಗಾಗಿ ಕಲಾವಿದರು ಪ್ರತಿ ಕೋಣೆಗೂ ಹಳೆಯ ರೀತಿಯಲ್ಲೇ ಬೆಳಕು ಜೋಡಿಸಬೇಕು. ಇಲ್ಲಿ ಬೆಳಕು ಚಿಮ್ಮಿದ ಹಾಗೆ ಕಾಣಲಿ ಅಂತ ಒಂದು ಸುಳ್ಳು ದೀಪ, ಅಲ್ಲಿ ಮೂಲೆ ತೀರಾ ಕಪ್ಪಾಯಿತು ಅಂತ ಇನ್ನೊಂದು. ಆಮೇಲೆ ಅದೇ ಕೋಣೆಯನ್ನು ರೇ ಟ್ರೇಸಿಂಗ್ ಹಾಕಿ ಮತ್ತೆ ನೋಡಬೇಕು, ಕತ್ತಲಾದರೆ ತಿದ್ದಬೇಕು. ಹೊಸ ತಂತ್ರಜ್ಞಾನ ಕೆಲಸ ಉಳಿಸಲಿಲ್ಲ, ಎರಡರಷ್ಟು ಮಾಡಿತು.

ಅಂತರದ ಮೂಲ ಇಲ್ಲಿದೆ ಅಂತ ನನ್ನ ನಂಬಿಕೆ. ಹೊಸ ಸೌಲಭ್ಯ ಒಂದು ಆಯ್ಕೆಯಾಗಿ ಇರುವವರೆಗೆ ಅದು ಬರೀ ಖರ್ಚು. ಅದನ್ನು ಆಫ್ ಮಾಡಿದರೂ ಆಟ ಆಡಲು ಬರಬೇಕು ಅಂದರೆ, ಆಟದ ಯಾವ ಮುಖ್ಯ ವಿಷಯವೂ ಅದರ ಮೇಲೆ ನಿಲ್ಲುವಂತಿಲ್ಲ. ಹಾಗಾಗಿ ಅದು ಅಂಚಿನಲ್ಲೇ ಉಳಿಯುತ್ತದೆ, ಕೊಚ್ಚೆಯ ಬಿಂಬದಲ್ಲಿ, ಎಲೆಯ ನೆರಳಿನಲ್ಲಿ. ಅಂಚಿನಲ್ಲಿ ಇರುವುದರಿಂದ ಜನ ಅದಕ್ಕಾಗಿ ಕಾರ್ಡ್ ಕೊಳ್ಳುವುದಿಲ್ಲ. ಕೊಳ್ಳದಿರುವುದರಿಂದ ಅದು ಆಯ್ಕೆಯಾಗಿಯೇ ಇರುತ್ತದೆ.

2021ರ ಮೇ 6ರಂದು ಬಂದ ಎನ್‌ಹ್ಯಾನ್ಸ್ಡ್ ಎಡಿಶನ್‌ನಲ್ಲಿ 4ಎ ಈ ಸುತ್ತನ್ನೇ ಕಡಿಯಿತು. ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲದಿದ್ದರೆ ಈ ಆವೃತ್ತಿ ಓಡುವುದೇ ಇಲ್ಲ. ಕನಿಷ್ಠ ಆರ್‌ಟಿಎಕ್ಸ್ 2060 ಬೇಕು. ಹಳೆಯ ಬೆಳಕಿನ ಏರ್ಪಾಡನ್ನು ತೆಗೆದುಹಾಕಿದರು. ಸೂರ್ಯ ಮಾತ್ರವಲ್ಲ, ಪ್ರತಿ ದೀಪ, ಪ್ರತಿ ಬೆಂಕಿ ಕಿರಣಗಳ ಲೆಕ್ಕಕ್ಕೆ ಬಂತು. ಬೆಳಕು ಒಮ್ಮೆ ಅಲ್ಲ, ಮತ್ತೆ ಮತ್ತೆ ಚಿಮ್ಮಿತು. ಇಷ್ಟಾದ ಮೇಲೆ ಭಾರ ಹೆಚ್ಚಾಗಬೇಕಿತ್ತು ಅನ್ನಿಸುತ್ತದೆ. ಆದರೆ ಆ ಜೂನ್‌ನಲ್ಲಿ ಇದೇ ಆವೃತ್ತಿ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಲ್ಲಿ ಸೆಕೆಂಡಿಗೆ 60 ಫ್ರೇಮ್ ಗುರಿಯಿಟ್ಟು ಬಂತು. ಎರಡು ದಾರಿಗಳನ್ನು ಒಟ್ಟಿಗೆ ಹೊರುವುದು ಬಿಟ್ಟು ಒಂದೇ ದಾರಿಗಾಗಿ ಎಂಜಿನ್ ಬರೆದರೆ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ನೋಡಿಲ್ಲ. 2018ರ ಕಾರ್ಡ್‌ನಲ್ಲಿ ಈ ಶಕ್ತಿ ಮೊದಲ ದಿನದಿಂದಲೂ ಇತ್ತು, ಕೇಳುವವರು ಇರಲಿಲ್ಲ.

ಎಲ್ಲ ಸ್ಟುಡಿಯೋಗಳೂ ಹೀಗೆ ಮಾಡಬಹುದಿತ್ತಾ? ಇಲ್ಲ. 4ಎಗೆ ಧೈರ್ಯ ಬಂದದ್ದು ಆಟ ಆಗಲೇ ಮಾರಾಟವಾಗಿತ್ತು ಅನ್ನುವುದರಿಂದ. ಪಿಸಿಯಲ್ಲಿ ಮೂಲ ಆವೃತ್ತಿ ಇದ್ದವರಿಗೆ ಹೊಸದನ್ನು ಉಚಿತವಾಗಿ ಕೊಟ್ಟರು. ಹೊಸದಾಗಿ ಆಟ ಮಾಡುವವರು 2021ರಲ್ಲಿ ಹಳೆಯ ಯಂತ್ರಗಳನ್ನು ಬಿಟ್ಟರೆ ಗಿರಾಕಿಗಳಲ್ಲಿ ಬಹುಪಾಲು ಜನರನ್ನೇ ಬಿಟ್ಟ ಹಾಗೆ. ಪಿಎಸ್5 ಮತ್ತು ಹೊಸ ಎಕ್ಸ್‌ಬಾಕ್ಸ್ 2020ರ ನವೆಂಬರ್‌ನಲ್ಲಿ ಬಂದವು, ಎರಡರಲ್ಲೂ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇತ್ತು. ಅಲ್ಲಿಂದ ವೇಗವಾಗಿ ಬದಲಾಗುತ್ತದೆ ಅಂದುಕೊಂಡರೆ ಚಿಪ್ಪಿನ ಕೊರತೆ ಬಂತು. ಯಂತ್ರ ಬೇಕು ಅಂದವರಿಗೂ ಸಿಗಲಿಲ್ಲ. 2022ರ ನವೆಂಬರ್‌ನಲ್ಲಿ ಬಂದ ಗಾಡ್ ಆಫ್ ವಾರ್ ರಾಗ್ನರಾಕ್ ಕೂಡ ಪಿಎಸ್4ನಲ್ಲಿ ಓಡಬೇಕಾಯಿತು.

ಇದು ಹೊಸ ಕಥೆಯೇನೂ ಅಲ್ಲ. 2001ರಲ್ಲಿ ಎನ್ವಿಡಿಯಾದ ಜಿಫೋರ್ಸ್ 3 ಕಾರ್ಡ್ ಪ್ರೋಗ್ರಾಂ ಮಾಡಬಲ್ಲ ಶೇಡರ್‌ಗಳನ್ನು ತಂದಾಗ ಡೂಮ್ 3ರ ತುಣುಕು ತೋರಿಸಿದ್ದರು. ಆ ಆಟ ಜನರ ಕೈಗೆ ಬಂದದ್ದು 2004ರ ಆಗಸ್ಟ್‌ನಲ್ಲಿ.

ಎರಡು ಕಾರ್ಡ್‌ಗಳು ಬೇರೆಯಾದ ದಿನ

ಈಗ ಮೊದಲಿನ ಎರಡು ಕಾರ್ಡ್‌ಗಳಿಗೆ ಬರೋಣ. 2019ರ ಏಪ್ರಿಲ್‌ನಲ್ಲಿ ಎನ್ವಿಡಿಯಾ ಒಂದು ಡ್ರೈವರ್ ಬಿಟ್ಟಿತು. ಆರ್‌ಟಿ ಕೋರ್ ಇಲ್ಲದ ಜಿಟಿಎಕ್ಸ್ ಕಾರ್ಡ್‌ಗಳಲ್ಲೂ ಡಿಎಕ್ಸ್ಆರ್ ಓಡುವಂತೆ ಮಾಡಿತು. 1080 ಟಿಐ ಇದ್ದವರು ಮೆಟ್ರೋದಲ್ಲಿ ರೇ ಟ್ರೇಸಿಂಗ್ ಹಾಕಿ ನೋಡಿದರು, ಕಾರ್ಡ್ ಏದುಸಿರು ಬಿಟ್ಟಿತು. ಪೆಟ್ಟಿಗೆ ಹುಡುಕುವ ಕೆಲಸವನ್ನು ಮಾಮೂಲಿ ಕೋರ್‌ಗಳೇ ಮಾಡಬೇಕಾದಾಗ ಅದು 2080ಗಿಂತ ಬಹಳ ಹಿಂದೆ ಬಿತ್ತು. ಆದರೂ ಅವರಿಗೆ ನಷ್ಟವೇನೂ ಆಗಲಿಲ್ಲ. ಆಯ್ಕೆ ಆಫ್ ಮಾಡಿ ಮೊದಲಿನಂತೆ ಆಡಿದರು. ಮುಂದಿನ ನಾಲ್ಕು ವರ್ಷ ಹೆಚ್ಚುಕಡಿಮೆ ಹೀಗೆಯೇ ನಡೆಯಿತು. ಆ ನಾಲ್ಕು ವರ್ಷದ ಮಟ್ಟಿಗೆ 1080 ಟಿಐ ಕೊಂಡವರು ಸರಿಯಾಗಿಯೇ ಕೊಂಡಿದ್ದರು, ಅದನ್ನು ಒಪ್ಪಿಕೊಳ್ಳಬೇಕು.

2023ರ ಅಕ್ಟೋಬರ್ 27ಕ್ಕೆ ರೆಮಿಡಿ ಸ್ಟುಡಿಯೋದ ಅಲನ್ ವೇಕ್ 2 ಬಂತು. ಹಳೆಯ ಕನ್ಸೋಲ್‌ಗಳಿಗೆ ಬರಲೇ ಇಲ್ಲ, ಹೊಸವಕ್ಕೆ ಮತ್ತು ಪಿಸಿಗೆ ಮಾತ್ರ. ಅದರ ಎಂಜಿನ್ ಮೆಶ್ ಶೇಡರ್ ಮೇಲೆ ಕಟ್ಟಿದ್ದು. ರೇ ಟ್ರೇಸಿಂಗ್ ಗದ್ದಲದಲ್ಲಿ 2018ರಲ್ಲಿ ಯಾರೂ ಅಷ್ಟಾಗಿ ಗಮನಿಸದ ಆ ಮೂರನೆಯ ಸೌಲಭ್ಯ ಇದು. ಐದು ವರ್ಷ ಒಂದು ತಿಂಗಳು ಅದು 2080 ಒಳಗೆ ಮಲಗಿತ್ತು. ರೇ ಟ್ರೇಸಿಂಗ್ ಪೂರ್ತಿ ಆಫ್ ಮಾಡಿದರೂ ಈ ಆಟಕ್ಕೆ ಅದು ಬೇಕು. 1080 ಟಿಐನಲ್ಲಿ ಅದಿಲ್ಲ. ಆಟ ತೆರೆಯುತ್ತಿತ್ತು, ಆದರೆ ಹಳೆಯ ದಾರಿಯಲ್ಲಿ ತೆವಳುತ್ತಿತ್ತು. 2080ಗಿಂತ ಹತ್ತು ತಿಂಗಳು ತಡವಾಗಿ, 2019ರ ಜುಲೈನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 5700 ಎಕ್ಸ್‌ಟಿಗೂ ಇದೇ ಗತಿ. 2024ರ ಮಾರ್ಚ್‌ನ ಪ್ಯಾಚ್ ಹಳೆಯ ಜಿಟಿಎಕ್ಸ್ ಕಾರ್ಡ್‌ಗಳಿಗೆ ಸ್ವಲ್ಪ ಉಸಿರು ಕೊಟ್ಟಿತು. ಅದನ್ನು ಮಾಡಿದ ಎಂಜಿನಿಯರ್‌ಗಳ ಬಗ್ಗೆ ನನಗೆ ಗೌರವ ಇದೆ, ಯಾಕೆಂದರೆ ಏಳು ವರ್ಷ ಹಳೆಯ ಕಾರ್ಡ್‌ಗಾಗಿ ಇಷ್ಟು ಮಾಡಬೇಕು ಅಂತ ಅವರನ್ನು ಯಾರೂ ಒತ್ತಾಯ ಮಾಡುವಂತಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಅಂತರ ಮುಚ್ಚಿದ ರೀತಿ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಮುಚ್ಚಲಿಲ್ಲ. ಮೆಟ್ರೋದ ಎರಡನೆಯ ಆವೃತ್ತಿಯಂಥದ್ದು ಬಿಟ್ಟರೆ ಐದು ವರ್ಷ ಎರಡೂ ಕಾರ್ಡ್ ಒಂದೇ ಸಾಲಿನಲ್ಲಿ ಓಡಿದವು, ಮೆಶ್ ಶೇಡರ್ ಆಯ್ಕೆಯ ಪಟ್ಟಿಯಿಂದ ಕನಿಷ್ಠ ಅಗತ್ಯದ ಪಟ್ಟಿಗೆ ಹೋದ ದಿನ ಒಂದು ಕಾರ್ಡ್ ಒಮ್ಮೆಲೇ ಹೊರಗೆ ಬಿತ್ತು.

2024ರ ಡಿಸೆಂಬರ್ 9ಕ್ಕೆ ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್ ಬಂದಾಗ ರೇ ಟ್ರೇಸಿಂಗ್‌ಗೂ ಆ ದಿನ ಬಂತು. ಆಫ್ ಮಾಡುವ ಸೌಲಭ್ಯವೇ ಇಲ್ಲ. ಎನ್ವಿಡಿಯಾ ಕಡೆಯಿಂದ ಕನಿಷ್ಠ ಕಾರ್ಡ್ ಆರ್‌ಟಿಎಕ್ಸ್ 2060 ಸೂಪರ್. 1080 ಟಿಐಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ, 2080ಗೆ ಇದೆ. ಮೊದಲ ಫ್ರೇಮ್‌ನಿಂದಲೇ ಅದರ 46 ಆರ್‌ಟಿ ಕೋರ್‌ಗಳು ದುಡಿಯುತ್ತವೆ. ಕಾರ್ಡ್ ಕೊಂಡು ಆರು ವರ್ಷ ಎರಡೂವರೆ ತಿಂಗಳ ಮೇಲೆ. ಆಟದಲ್ಲಿ ಅದಕ್ಕಿಂತ ಮೇಲಿನ, ಬೆಳಕನ್ನೆಲ್ಲ ಕಿರಣಗಳಿಂದಲೇ ಲೆಕ್ಕ ಹಾಕುವ ಪಾತ್ ಟ್ರೇಸಿಂಗ್ ಮಟ್ಟವೂ ಇದೆ, ಅದಕ್ಕೆ ಸೂಚಿಸಿದ ಕನಿಷ್ಠ ಕಾರ್ಡ್ 2023ರ ಆರ್‌ಟಿಎಕ್ಸ್ 4070, 12 ಜಿಬಿ ಮೆಮೊರಿಯದ್ದು. 2080 ಅದನ್ನು ಮುಟ್ಟುವಂತಿಲ್ಲ. ಮಾಮೂಲಿ ಮಟ್ಟದಲ್ಲಿ ಓಡಿಸುವಾಗಲೂ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಸೆಟ್ಟಿಂಗ್ ಇಳಿಸಿಕೊಳ್ಳಬೇಕು. ಕಿರಣಗಳ ಕಡೆಯಿಂದ ತೊಂದರೆ ಇಲ್ಲ, ಸಾಲದೆ ಬರುವುದು ಆ 8 ಜಿಬಿ ಮೆಮೊರಿ.